ನನ್ನ ದಾಖಲೆ ತೆರೆದವರು ಯಾರು ಅಂತ ನನಗೂ ತಿಳಿಯಲಿ

ಮಾನ್ಯ ಸಂಪಾದಕರೇ,

ರೋಗಿಗಳ ದಾಖಲೆಗಳನ್ನು ಬ್ಲಾಕ್‌ಚೈನ್‌ಗೆ ಹಾಕಬೇಕು ಅನ್ನುವ ಮಾತು ಈಚೆಗೆ ಆಗಾಗ ಕಿವಿಗೆ ಬೀಳುತ್ತಿದೆ. ನಾನು ಕಂಪ್ಯೂಟರ್ ಓದಿದವನಲ್ಲ. ತೀರ್ಥಹಳ್ಳಿ ಕಡೆಯ ಒಂದು ಸೊಸೈಟಿಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವನು. ಮಗಳು ಇದನ್ನು ಬಿಡಿಸಿ ಹೇಳಿದಾಗ, ಅರೆ, ಇದು ನಮ್ಮ ಲೆಡ್ಜರ್ ಅಲ್ವಾ ಅನ್ನಿಸಿತು.

ಲೆಡ್ಜರ್‌ನ ಪುಟ ಮುಗಿದಾಗ ಅಡಿಯಲ್ಲಿ ಮೊತ್ತ ಹಾಕುತ್ತೇವೆ. ಅದೇ ಮೊತ್ತವನ್ನು ಮುಂದಿನ ಪುಟದ ತಲೆಯಲ್ಲಿ ‘ಹಿಂದಿನ ಪುಟದಿಂದ’ ಅಂತ ಬರೆಯುತ್ತೇವೆ. ಯಾರಾದರೂ ಹತ್ತನೇ ಪುಟದಲ್ಲಿ ಕೈಯಾಡಿಸಿದರೆ ಹನ್ನೊಂದರಿಂದ ಮುಂದೆ ಎಲ್ಲವೂ ತಾಳೆ ತಪ್ಪುತ್ತದೆ. ಬ್ಲಾಕ್‌ಚೈನ್‌ನಲ್ಲಿ ಮೊತ್ತದ ಬದಲು ಹ್ಯಾಶ್ ಅಂತ ಒಂದು ಗುರುತಿನ ಸಂಖ್ಯೆ ಇರುತ್ತದಂತೆ. ಪುಟದ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ಜೊತೆಗೆ ಪುಸ್ತಕದ ಪ್ರತಿ ಒಬ್ಬರ ಬೀರುವಿನಲ್ಲಿ ಮಾತ್ರ ಇರದೆ ಹಲವರ ಹತ್ತಿರ ಇರುತ್ತದೆ. ನಮ್ಮ ಲೆಡ್ಜರ್‌ಗೆ ಈ ಭಾಗ್ಯ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಸೊಸೈಟಿಗಳು ಉಳಿಯುತ್ತಿದ್ದವು, ಇರಲಿ.

ಎರಡು ವರ್ಷದ ಹಿಂದೆ, ಡಿಸೆಂಬರ್‌ನಲ್ಲಿ, ನನ್ನ ಭಾವನಿಗೆ ಜ್ವರ ಬಂತು. ಕೊಟ್ಟಿಗೆಗೆ ದರಗು ತರಲು ಕಾಡಿಗೆ ಹೋಗಿ ಬಂದಿದ್ದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಹಾಗಾಗಿ ಜ್ವರ ಅಂದ ಕೂಡಲೇ ಎಲ್ಲರಿಗೂ ಅದೇ ಭಯ. ಊರಿನ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಶಿವಮೊಗ್ಗ, ಕೊನೆಗೆ ಆಗುಂಬೆ ಘಾಟಿ ಇಳಿದು ಕೆಳಗಿನ ಒಂದು ದೊಡ್ಡ ಆಸ್ಪತ್ರೆ. ನಾಲ್ಕು ಕಡೆ ರಕ್ತ ತೆಗೆದರು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ರಿಪೋರ್ಟ್‌ಗಳು ದಪ್ಪವಾಗುತ್ತಾ ಹೋದವು. ಆದರೆ ಬೇಕಾದ ಕಾಗದ ಅದರಲ್ಲಿ ಇರಲಿಲ್ಲ.

ಕೊನೆಗೆ ಅದು ಇಲಿಜ್ವರ ಅಂತಾಯಿತು. ಡಾಕ್ಟರ್ ಕೇಳಿದರು, “ಪೆನ್ಸಿಲಿನ್ ಆಗುತ್ತಾ?” ಭಾವನಿಗೆ ‘ಯಾವುದೋ ಒಂದು ಇಂಜೆಕ್ಷನ್ ಆಗಲ್ಲ’ ಅಂತ ಮಾತ್ರ ನೆನಪು. ತಂಗಿ ನನಗೆ ಫೋನ್ ಮಾಡಿದಳು. “ಅಣ್ಣ, ಮನೆಗೆ ಹೋಗಿ ಆ ಹಳೇ ಚೀಟಿ ಹುಡುಕು, ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದೆ.” ಚೀಟಿ ಸಿಕ್ಕಿತು. ಹಿಂಬದಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದು ಎರಡು ಗೆರೆ ಎಳೆದಿದ್ದರು, ಪೆನ್ಸಿಲಿನ್ ಕೊಡಬಾರದು ಅಂತ. ಅದನ್ನು ಓದಿ ಹೇಳೋಣ ಅಂದರೆ ಅವರ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ತೋಟದ ಆಚೆಯ ಗುಡ್ಡ ಹತ್ತಿ ಫೋನ್ ಮಾಡಿದೆ. ಭಾವ ಹುಷಾರಾಗಿ ಬಂದರು.

ಹಾಗಾಗಿ ದಾಖಲೆ ಕಂಪ್ಯೂಟರಿಗೆ ಬರಲಿ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗಲಿ. 2021ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ಆಭಾ ಸಂಖ್ಯೆ, ಅಂದರೆ ಆರೋಗ್ಯ ಖಾತೆಯ ಸಂಖ್ಯೆ, ಇರುವುದೂ ಇದಕ್ಕೇ. ಅದರಲ್ಲಿ ದಾಖಲೆ ಆಯಾ ಆಸ್ಪತ್ರೆಯಲ್ಲೇ ಉಳಿಯುತ್ತದೆ, ನಾವು ಒಪ್ಪಿದರೆ ಮಾತ್ರ ಬೇರೆಯವರಿಗೆ ಹೋಗುತ್ತದೆ. ಸದ್ಯಕ್ಕೆ ನಮ್ಮೂರಿನಲ್ಲಿ ಎಷ್ಟೋ ಜನ ಆ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಿ ಆಧಾರ್ ಜೊತೆ ಎತ್ತಿಟ್ಟಿದ್ದಾರೆ, ಅಷ್ಟೇ.

ನನ್ನ ಚಿಂತೆ ಬೇರೆ. ನಮ್ಮ ಕಡೆಯ ಒಬ್ಬ ಹುಡುಗಿಯ ರಕ್ತ ಪರೀಕ್ಷೆಯ ವಿಷಯ ಅವಳ ಕೈಗೆ ರಿಪೋರ್ಟ್ ಬರುವ ಮೊದಲೇ ಬಸ್‌ಸ್ಟ್ಯಾಂಡ್‌ಗೆ ಬಂದಿತ್ತು. ಮದುವೆ ಮಾತುಕತೆ ನಿಂತಿತು. ಕಂಪ್ಯೂಟರ್‌ನಲ್ಲಿ ನೋಡಿ ಹೇಳಿದವರು ಯಾರು? ಇವತ್ತಿಗೂ ಗೊತ್ತಿಲ್ಲ. ಬ್ಲಾಕ್‌ಚೈನ್ ನಮಗೆ ಬೇಕಾಗಿರುವುದು ಇಲ್ಲಿ. ಎಕ್ಸ್‌ರೇ, ಸ್ಕ್ಯಾನಿಂಗ್, ರಿಪೋರ್ಟ್ ಯಾವುದನ್ನೂ ಅದರೊಳಗೆ ತುಂಬುವುದು ಬೇಡ. ಅವು ಭಾರ. ಮೇಲಾಗಿ ಒಮ್ಮೆ ಹೋದದ್ದನ್ನು ಅಳಿಸಲು ಆಗುವುದಿಲ್ಲ, 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ನೋಡಿದರೆ ಅಳಿಸಿ ಅಂತ ಕೇಳುವ ಹಕ್ಕು ಇದೆ. ಯಾರು, ಯಾವಾಗ, ಯಾವ ದಾಖಲೆ ತೆರೆದರು ಅನ್ನುವ ಪಟ್ಟಿ ಮಾತ್ರ ಅಲ್ಲಿರಲಿ.

ಎಸ್ಟೋನಿಯಾ ಅಂತ ಒಂದು ಪುಟ್ಟ ದೇಶ ಇದೆ. ಸುಮಾರು 13 ಲಕ್ಷ ಜನ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ 2011ರ ಜನಗಣತಿಯಲ್ಲಿ 17 ಲಕ್ಷ ದಾಟಿತ್ತು. ಅಲ್ಲಿ ಬ್ಲಾಕ್‌ಚೈನ್ ಬಳಸುವುದು ದಾಖಲೆ ತುಂಬಿಡಲು ಅಲ್ಲ, ಯಾರೂ ಕದ್ದು ತಿದ್ದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ತನ್ನ ದಾಖಲೆಯನ್ನು ಯಾರು ನೋಡಿದರು ಅಂತ ಅಲ್ಲಿಯವರು ಮನೆಯಲ್ಲೇ ಕೂತು ನೋಡಬಹುದು.

ತಪ್ಪು ಬರೆದರೆ ಬ್ಲಾಕ್‌ಚೈನ್ ಅದನ್ನು ಸರಿ ಮಾಡುವುದಿಲ್ಲ, ತಪ್ಪನ್ನೇ ಭದ್ರವಾಗಿ ಕಾಯುತ್ತದೆ. ನಮ್ಮ ಲೆಡ್ಜರ್‌ನಲ್ಲಿ ವೈಟ್‌ನರ್ ಹಚ್ಚುವ ಹಾಗಿರಲಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕಿತ್ತು. ಅಂಥದ್ದೇ ಪದ್ಧತಿ ಇಲ್ಲೂ ಬೇಕು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ದಾಳಿಯಾಗಿ ಕೆಲಸವೆಲ್ಲ ಮತ್ತೆ ಪೆನ್ನು ಕಾಗದಕ್ಕೆ ಬಂದಿತ್ತಲ್ಲ, ಅಂಥದ್ದನ್ನೂ ಇದೊಂದೇ ತಡೆಯಲಾರದು. ಅದಕ್ಕೆ ಬೇರೆ ಬ್ಯಾಕಪ್ ಬೇಕು.

ಜಿಲ್ಲೆಯ ಆಸ್ಪತ್ರೆಗಳನ್ನು ಜೋಡಿಸುವಾಗ ಅಧಿಕಾರಿಗಳಿಗೆ ನನ್ನದು ಎರಡೇ ಮಾತು. ಆ ಪಟ್ಟಿಯ ಪ್ರತಿಗಳೆಲ್ಲ ಒಂದೇ ಕಚೇರಿಯ ಕೈಯಲ್ಲಿ ಇರುವುದು ಬೇಡ. ಹಾಗಿದ್ದರೆ ಲೆಡ್ಜರೂ ಕೀಲಿಯೂ ಒಬ್ಬನ ಹತ್ತಿರವೇ ಇದ್ದ ಹಾಗೆ. ಇನ್ನೊಂದು, ಒಪ್ಪಿಗೆ ಅಂದರೆ ಬರೀ ಒಟಿಪಿ ಅಂದುಕೊಳ್ಳಬೇಡಿ. ರೋಗಿಗೆ ಪ್ರಜ್ಞೆ ಇಲ್ಲದಾಗ ಡಾಕ್ಟರ್ ತಾವೇ ದಾಖಲೆ ತೆರೆಯಲಿ, ತೆರೆದದ್ದು ಹೆಸರು ಸಮೇತ ಪಟ್ಟಿಗೆ ಹೋಗಲಿ, ಮನೆಯವರಿಗೆ ಮೆಸೇಜ್ ಬರಲಿ. ಒಟಿಪಿಗಾಗಿ ಗುಡ್ಡ ಹತ್ತುವುದು ನಮಗೆ ಅಭ್ಯಾಸವಿದೆ, ಆದರೆ ಜ್ವರ ಬಂದವರು ಹತ್ತಲಾರರು.

ಇಂತಿ,
ಒಬ್ಬ ನಿವೃತ್ತ ಸೊಸೈಟಿ ಗುಮಾಸ್ತ,
ತೀರ್ಥಹಳ್ಳಿ ತಾಲ್ಲೂಕು