ಆ ಏಳನೇ ಮರಿ

ಮಗಳ,

ಫೋನ್ ಎತ್ತವಲ್ಲಿ, ಮೆಸೇಜಿಗೆ ನೀಲಿ ಟಿಕ್ ಬಂದ್ರೂ ಉತ್ತರ ಇಲ್ಲ, ಅದಕ್ಕ ಕುಂತು ಉದ್ದಕ ಟೈಪ್ ಮಾಡಾಕತ್ತೀನಿ. ರವಿವಾರ ಉಣ್ಣೂ ತಾಟು ಬಿಟ್ಟು ಎದ್ದು ಬೀದರ ಬಸ್ ಹತ್ತಿದಿ. ಅವತ್ತು ಯಾರು ಏನಂದ್ರು ಅನ್ನೂದು ಇಬ್ಬರಿಗೂ ಗೊತ್ತೈತಿ, ಅದನ್ನ ಬಿಡು. ನೀ ಕೇಳಿದ್ದು ಒಂದ ಮಾತು, ಆ ನಾಯಿಮರಿ ಎಲ್ಲಿ ಹೋತಪ್ಪಾ ಅಂತ. ಬೀಗರ ಮುಂದ ನನಗ ಬಾಯಿ ಬರಲಿಲ್ಲ.

ಅದು ಜಮಖಂಡಿ ದನದ ಡಾಕ್ಟರ್ ಮನ್ಯಾಗ ಬೆಳೀಲಿಲ್ಲ. ನಮ್ಮ ಬಾವಿ ಹಿಂದ ಲಿಂಬಿ ಗಿಡ ಐತಲ್ಲ, ಅದರ ಬುಡಕ ಐತಿ.

2012ರಾಗ ನಮ್ಮ ಮುಧೋಳ ನಾಯಿ ಬಿಜಲಿ ಏಳು ಮರಿ ಹಾಕಿದ್ಲು, ಏಳನೇದಕ್ಕ ಬಾಯೊಳಗಿನ ಅಂಗುಳ ಸೀಳಿತ್ತು. ನೀ ಆಗ ಮೂರನೇತ್ತೆ. ಪೆನ್ನಿಗೆ ಇಂಕ್ ಹಾಕೂ ಫಿಲ್ಲರ್ ಬಿಸಿ ನೀರಾಗ ತೊಳದು ಅದರಲೇ ಹಾಲು ಕುಡಸ್ತಿದ್ದಿ, ಹಾಲು ಮೂಗಿನಾಗಿಂದ ಗುಳ್ಳಿ ಗುಳ್ಳಿ ಆಗಿ ವಾಪಸ್ ಬರತಿತ್ತು, ನೀ ಫ್ರಾಕಿನ ತುದೀಲೆ ಒರಸಿ ಮತ್ತ ಹಾಕ್ತಿದ್ದಿ. ನಾಕು ರಾತ್ರಿ. ನಾಕನೇ ರಾತ್ರಿ ಅದರ ಉಸರು ಗೊರ ಗೊರ ಅನ್ನಾಕ ಹತ್ತಿತು, ಹಾಲು ಪುಪ್ಪುಸಕ್ಕ ಇಳದಿತ್ತು. ನೀ ಗೋಣಿಚೀಲದ ಮ್ಯಾಲ ಮಲಗಿಬಿಟ್ಟಿದ್ದಿ, ಫಿಲ್ಲರ್ ಇನ್ನಾ ಕೈಯಾಗ ಇತ್ತು. ಬೆಳಗಿನ ಐದಕ್ಕ ನಾ ಅದನ್ನ ಟಾವೆಲ್‌ನಾಗ ಸುತ್ತಿ ಗಾಡಿ ಮ್ಯಾಲ ಒಯ್ದೆ. ಡಾಕ್ಟರ್ ನೋಡಿ, ಇದಕ್ಕ ಸುಮ್ನ ಯಾಕ ಹಿಂಸಾ ಅಂದ್ರು, ಇಂಜೆಕ್ಷನ್ ಕೊಟ್ರು. ನನ್ನ ಅಂಗೈಯಾಗ ಹೋತು ಅದು. ನೀ ಎದ್ದು ಕೇಳಿದಾಗ ಡಾಕ್ಟರ್ ಇಟ್ಕೊಂಡ್ರು ಅಂದೆ. ಅದಾದ ಮ್ಯಾಲ ಜಮಖಂಡಿ ಹೆಸರು ಬಂದಾಗೆಲ್ಲಾ ನೀ ಅದು ಎಷ್ಟು ದೊಡ್ಡದಾಗೈತಿ ಅಂತ ಕೇಳ್ತಿದ್ದಿ, ನಾ ಇಷ್ಟು ಎತ್ತರ ಅಂತ ಕೈ ಮಾಡಿ ತೋರಸ್ತಿದ್ದೆ. ಆ ಕೈ ನೆನದ್ರ ಈಗೂ ಸಂಕಟ ಆಗತೈತಿ.

ನಿನಗ ಅಳು ಬರತೈತಿ ಅಂತ ಸುಳ್ಳು ಹೇಳಿದೆ ಅಂದ್ರ ಅದೂ ಅರ್ಧಾ ಸುಳ್ಳು. ಯಾಕ ಹಂಗ ಹುಟ್ಟಿತು ಅಂತ ನೀ ಕೇಳ್ತಿದ್ದಿ, ಅದಕ್ಕ ಹೆದರಿದೆ. ಬಿಜಲಿಗೆ ಅಕಿ ಅಪ್ಪನ್ನ ಕೂಡಿಸಿದ್ದೆ. ಅವನ ಆ ಉದ್ದ ತಲಿ, ಮೊಣಕೈತನಾ ಇಳದ ಎದಿ ಮತ್ತ ಬರಬೇಕು ಅನ್ನೂ ಆಶಾ, ಹಂಗ ಮಾಡಿದ್ರ ಅಚ್ಚು ಗಟ್ಟಿ ಆಗತೈತಿ ಅಂತ ಹಿರ್ಯಾರು ಅಂತಿದ್ರು. ಅಪ್ಪ ಮಗಳನ್ನ ಕೂಡಿಸಿದ್ರ ಇನ್‌ಬ್ರೀಡಿಂಗ್, ಅಂದ್ರ ಒಂದ ರಕ್ತದಾಗ ಕೂಡಸೂದು, 25 ಪರ್ಸೆಂಟ್ ಅಂತ ನೀ ಮೊನ್ನೆ ಪೇಪರ್ ಮ್ಯಾಲ ಲೆಕ್ಕ ಮಾಡಿ ತೋರಿಸಿದಿ. ನನಗ ಆ ನಂಬರ್ ಗೊತ್ತಿರಲಿಲ್ಲ, ಆದ್ರ ಮರಿ ಬಾಯಿ ಬಿಡಿಸಿ ನೋಡಿದಾಗ ಗೊತ್ತಾಗಿತ್ತು. ಗೊತ್ತಾಗಿನೂ ಉಳಿದ ಆರು ಮಾರಿದೆ. ತಗೊಂಡವರಿಗೆ ಒಂದು ಮಾತು ಹೇಳಲಿಲ್ಲ. ಅವರೂ ಅವುಗಳ ಮ್ಯಾಲ ತಳಿ ಮಾಡ್ಯಾರ, ಅದು ಎಲ್ಲೆಲ್ಲಿ ಹೋಗೈತೋ ನನಗ ಲೆಕ್ಕ ಸಿಗಂಗಿಲ್ಲ.

ಈ ನಾಯಿ ಅಂದ್ರ ನನಗೇನು ಅನ್ನೂದು ನಿನಗ ಗೊತ್ತು. ಮುಧೋಳದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಉಳಿಸಿ ಬೆಳಸಿದ ತಳಿ, 2005ರ ಜನವರಿಯಾಗ ಅಂಚೆ ಸ್ಟಾಂಪ್ ಮ್ಯಾಲ ಬಂತು, ನೀ ಆಗ ತಾನ ನಡ್ಯಾಕ ಕಲ್ತಿದ್ದಿ, ಒಂದು ಸ್ಟಾಂಪ್ ನಿನ್ನ ಫೋಟೋ ಬಾಜೂಕ ಅಂಟಿಸೀನಿ. 2020ರಾಗ ಪ್ರಧಾನಮಂತ್ರಿ ರೇಡಿಯೋದಾಗ ಹೆಸರು ಹೇಳಿದ ಮ್ಯಾಲ ನನ್ನ ಫೋನ್ ಬಿಡುವ ಇಲ್ದಂಗ ಹೊಡೀತು, ಅವಾಗ ಹೆಣ್ಣು ಬೆದಿಗೆ ಬಂದ ಪ್ರತಿ ಹೀಟಿಗೂ ಮರಿ ತಗೀಬೇಕು ಅನಿಸಿತ್ತು, ನೀ ತಡದಿ. ಆ ಜಗಳಕ್ಕೂ ನಾ ನಿನಗ ಥ್ಯಾಂಕ್ಸ್ ಅಂದಿಲ್ಲ.

ಮುಂದ ಒಂದು ದಿನ ನೀನೂ ನಾಯಿ ಶೋದ ರಿಂಗಿನಾಗ ಜಡ್ಜ್ ಆಗಿ ನಿಲ್ಲತಿ, ಅದಕ್ಕ ಹೇಳತೀನಿ. ತಲಿ ನೋಡಿ ಮರುಳಾಗಬ್ಯಾಡ. ಗಂಡಿಗೆ 68ರಿಂದ 72 ಸೆಂಟಿಮೀಟರ್ ಅಂತ ಅಳತಿ ಐತಿ, ಅಳತಿ ಯಾರಾದ್ರೂ ಹಿಡೀತಾರ, ನೀ ಹಿಂದ ನಿಂತು ನಡಿಗಿ ನೋಡು, ಎದಿಗೆ ಕೈ ಹಾಕು, ಪಕ್ಕಡಿ ಎಲುಬು ಎರಡು ಮೂರು ಕಾಣಬೇಕು, ಆದ್ರ ಉಪವಾಸ ಕೆಡವಿ ಕಾಣಿಸಿದ್ದು ಬ್ಯಾರೆ. ಓಡೂ ನಾಯಿ ಇದು, ಒಂದ ಜಿಗತಕ್ಕ ನಾಕೂ ಕಾಲು ಎರಡು ಸಲ ನೆಲ ಬಿಡತಾವು, ರಿಂಗಿನಾಗ ಬರೇ ಟ್ರಾಟ್, ಅಂದ್ರ ಸಣ್ಣ ಓಟ ಮಾಡಸ್ತೀವಿ, ಚಂದ ನಿಂತದ್ದಕ್ಕ ಫಸ್ಟ್ ಕೊಟ್ಟು ಕಳಸ್ತೀವಿ, ನಾನೂ ಭಾಳ ಸಲ ಕೊಟ್ಟೀನಿ. ಆ ಫಸ್ಟ್ ಬಂದ ಗಂಡಿಗೇ ಊರ ಮಂದಿ ಹೆಣ್ಣು ತರ್ತಾರ. ಮತ್ತ ಆಪರೇಷನ್ ಮಾಡುವಾಗ ನೆನಪಿಟ್ಕೋ, ಇವುಕ್ಕ ಮೈಯಾಗ ಕೊಬ್ಬಿಲ್ಲ, ಮತ್ತು ಬರಸೂ ಕೆಲವು ಅನೆಸ್ತೇಶಿಯಾ ಲಗೂನ ಇಳಿಯಂಗಿಲ್ಲ. ವೆಟರ್ನರಿ ಕಾಲೇಜಿನ ಕಡೇ ವರ್ಷದಾಗ ಇರಾಕಿಗೆ ಇದನ್ನ ನಾ ಹೇಳೂದು ತಪ್ಪು, ಆದ್ರೂ ಜೀವ ತಡೀವಲ್ದು.

ಆ ಫಿಲ್ಲರ್ ಟ್ರಂಕಿನಾಗ ಐತಿ, ಒಗದಿಲ್ಲ. ನೀ ಡಾಕ್ಟರ್ ಆಗತೀನಿ ಅಂದದ್ದು ಆ ನಾಕು ರಾತ್ರಿಂದ ಅಂತ ನನಗ ಅನಸತೈತಿ, ಅದಕ್ಕ ಸುಳ್ಳು ಇನ್ನೂ ಭಾರ ಆತು. ತಪ್ಪಾತು ಮಗಳ.

ನನ್ನ ತಳಿ ರಿಜಿಸ್ಟರ್ ಬಸ್ಸಿಗೆ ಪಾರ್ಸಲ್ ಹಾಕೀನಿ. 2012ರ ಪೇಜಿನಾಗ ಬಿಜಲಿ, ಆರು ಮರಿ ಅಂತ ಬರದಿದ್ದೆ, ಅದನ್ನ ಹೊಡದು ಏಳು ಮಾಡೀನಿ, ಯಾಕ ಸತ್ತಿತು ಅನ್ನೂದೂ ಬರದೀನಿ. ತಗೊಂಡ ಆರೂ ಮಂದಿ ಊರು ಐತಿ, ಫೋನ್ ಇದ್ದವರಿಗೆ ನಾ ಹಚ್ಚಾಕತ್ತೀನಿ. ನಮ್ಮ ಹೆಣ್ಣು ನಾಯಿ ಕೆಂಪಿ ಹೀಟಿಗೆ ಬಂದು ಇವತ್ತಿಗೆ ಎರಡು ದಿನ. ಹತ್ತನೇ ದಿನದತನಾ ಟೈಮ್ ಐತಿ, ರಿಜಿಸ್ಟರ್ ನೋಡಿ ಯಾವ ಗಂಡು ಅಂತ ನೀ ಹೇಳು. ಹೇಳಲಿಲ್ಲಂದ್ರ ಈ ಸಲ ಕೂಡಸಂಗಿಲ್ಲ.

ನಿಮ್ಮಪ್ಪ