ಕಳಚಿದ್ದು ನಿಮ್ಮ ಕ್ರಾಸ್‌ಬಾರ್, ಕಳೆದದ್ದು ನಮ್ಮ ಪಾಯಿಂಟ್

ಇವರಿಗೆ,
ಗೌರವ ಕಾರ್ಯದರ್ಶಿಗಳು,
ಜಿಲ್ಲಾ ಫುಟ್‌ಬಾಲ್ ಸಂಸ್ಥೆ

ವಿಷಯ: ಅರ್ಧಕ್ಕೆ ನಿಂತ ಎ ಡಿವಿಜನ್ ಲೀಗ್ ಪಂದ್ಯವನ್ನು ನಮ್ಮ ವಿರುದ್ಧ 0–3 ಎಂದು ಘೋಷಿಸಿರುವುದು, ನಮ್ಮ ಪ್ರೊಟೆಸ್ಟ್ (ಲಿಖಿತ ಆಕ್ಷೇಪಣೆ) ಸ್ವೀಕರಿಸದೆ ವಾಪಸ್ ಕಳಿಸಿರುವುದು ಹಾಗೂ ಕಪ್ ಡ್ರಾದಿಂದ ನಮ್ಮನ್ನು ಕೈಬಿಟ್ಟಿರುವುದು.

ಮಾನ್ಯರೇ,

ಫೋನ್ ಮಾಡಿದಾಗಲೆಲ್ಲ "ಕಮಿಟಿಯಲ್ಲಿ ಇಡ್ತೀವಿ" ಅಂದಿರಿ. ಇಮೇಲ್‌ಗೆ ಉತ್ತರ ಬರಲಿಲ್ಲ. ನಿನ್ನೆ ಕಪ್ ಡ್ರಾ ಪಟ್ಟಿ ವಾಟ್ಸಾಪ್ ಗುಂಪಿಗೆ ಬಂತು, ಅದರಲ್ಲಿ ನಮ್ಮ ಹೆಸರಿಲ್ಲ. ಹಾಗಾಗಿ ಈಗ ಲೆಟರ್‌ಹೆಡ್‌ನಲ್ಲಿ, ಸೀಲು ಹಾಕಿ ಬರೆಯುತ್ತಿದ್ದೇವೆ.

62ನೇ ನಿಮಿಷದಲ್ಲಿ ನಾವು 2–1ರಿಂದ ಮುಂದಿದ್ದೆವು. ಒಂದು ಹೊಡೆತ ಗೋಲುಕಂಬಗಳ ಮೇಲಿನ ಅಡ್ಡಪಟ್ಟಿಗೆ, ಅಂದರೆ ಕ್ರಾಸ್‌ಬಾರ್‌ಗೆ, ಬಡಿಯಿತು, ಬಾರ್‌ನ ಎಡತುದಿ ಕಂಬದಿಂದ ಕಳಚಿ ನೆಲಕ್ಕೆ ಬಿತ್ತು. ನಿಮ್ಮ ಪ್ರಕಟಣೆಯಲ್ಲಿ "ಆಕಸ್ಮಿಕವಾಗಿ ಮುರಿದ ಕಾರಣ" ಎಂದಿದೆ. ಅದು ಮುರಿದಿಲ್ಲ, ಆಕಸ್ಮಿಕವೂ ಅಲ್ಲ. ಆ ಮೂಲೆಯಲ್ಲಿ ಬಾರ್ ಮತ್ತು ಕಂಬವನ್ನು ಸೇರಿಸುವ ಎಲ್ಬೋದಲ್ಲಿ ಎರಡು ಬೋಲ್ಟ್ ಇರಬೇಕಾದ ಕಡೆ ಒಂದೂ ಇರಲಿಲ್ಲ, ಬೈಂಡಿಂಗ್ ವೈರ್ ಸುತ್ತಿತ್ತು. ಮಳೆನೀರು ಎಲ್ಬೋ ಒಳಗೆ ನಿಂತು ಪೈಪಿನ ತುದಿ ತುಕ್ಕು ಹಿಡಿದು ತೆಳುವಾಗಿದೆ. ಅದಕ್ಕಿಂತ ದೊಡ್ಡ ದೋಷ ಕಂಬದ್ದು. ಬುಡದ ಕಾಂಕ್ರೀಟ್ ಸಡಿಲವಾಗಿ ಎಡಗಂಬ ಹೊರಕ್ಕೆ ವಾಲಿದೆ. ಬುಡದಲ್ಲಿ ಅಳೆದರೆ ಕಂಬಗಳ ನಡುವೆ ಸರಿಯಾಗಿ 7.32 ಮೀಟರ್ ಬರುತ್ತದೆ, ಅಷ್ಟು ನೋಡಿ ನಿಮ್ಮವರು ಟೇಪ್ ಸುತ್ತಿಟ್ಟಿದ್ದಾರೆ. ಮೇಲೆ ಅಳೆದಿದ್ದರೆ ಅಗಲ ಜಾಸ್ತಿ ಇರುವುದು ಗೊತ್ತಾಗುತ್ತಿತ್ತು. ಬಾರ್ ಎಲ್ಬೋದಲ್ಲಿ ಬೆರಳಗಲವೂ ಕೂತಿರಲಿಲ್ಲ. ಹಿಂದಿನಿಂದ ನೆಟ್ ಎಳೆಯುತ್ತಿತ್ತು, ಮುಂದಿನಿಂದ ಚೆಂಡು ಬಡಿಯಿತು, ಬಾರ್ ತಿರುಗಿ ಹೊರಬಂತು. ಕಂಬ ನೆಟ್ಟಗಿದೆಯೇ ಎಂದು ತಿಳಿಯುವುದು ಸುಲಭ: ಒಂದು ಕಂಬದ ಬುಡದ ಒಳಮೂಲೆಯಿಂದ ಎದುರು ಕಂಬದ ಮೇಲಿನ ಒಳಮೂಲೆಗೆ ಓರೆಯಾಗಿ, ಎರಡೂ ಕಡೆಯಿಂದ ಒಂದೊಂದು ಸಲ ಅಳೆಯಬೇಕು. 2.44 ಮೀಟರ್ ಎತ್ತರದ ಗೋಲಿಗೆ ಎರಡು ಸಲವೂ ಸುಮಾರು 7.72 ಬಂದರೆ ಸರಿ, ಎರಡು ಅಳತೆ ಬೇರೆ ಬೇರೆ ಬಂದರೆ ಕಂಬ ವಾಲಿದೆ ಎಂದರ್ಥ. ಐದು ನಿಮಿಷದ ಕೆಲಸ. ಬೋಲ್ಟ್ ಇಲ್ಲದ್ದನ್ನು ರೆಫರಿ ಪಂದ್ಯಕ್ಕೆ ಮುಂಚೆಯೇ ಬರೆದುಕೊಟ್ಟಿದ್ದರು, ಅದರ ಕೆಳಗೆ ಪಂದ್ಯಕ್ಕೆ ನಿಮ್ಮ ಪ್ರತಿನಿಧಿಯಾಗಿದ್ದ ಮ್ಯಾಚ್ ಕಮಿಷನರ್ ಸಹಿ ಇದೆ.

ಬಾರ್ ಬಿದ್ದ ಮೇಲೆ ಕಮಿಷನರ್ ಸಾಹೇಬರು ಹಗ್ಗ ತರಿಸಿದರು. ಆಟದ ಒಂದನೇ ನಿಯಮ ನಿಮಗೆ ಕಂಠಪಾಠ ಇದ್ದೇ ಇರುತ್ತದೆ, ಆದರೂ ಕಡತದಲ್ಲಿರಲಿ ಎಂದು ಬರೆಯುತ್ತೇವೆ: ಬಾರ್ ಕಳಚಿದರೆ ಸರಿಪಡಿಸುವವರೆಗೆ ಆಟ ನಿಲ್ಲಬೇಕು, ಸರಿಪಡಿಸಲಾಗದಿದ್ದರೆ ಪಂದ್ಯ ಕೈಬಿಡಬೇಕು, ಬಾರ್ ಬದಲಿಗೆ ಹಗ್ಗ ಕಟ್ಟುವಂತಿಲ್ಲ. ರೆಫರಿ ಅರ್ಧ ಗಂಟೆ ಕಾದು, ಸಂಜೆ 5.17ಕ್ಕೆ ಪಂದ್ಯ ಕೈಬಿಟ್ಟರು. ಆ ದಿನ ಮೈದಾನದಲ್ಲಿ ನಿಯಮದ ಪ್ರಕಾರ ನಡೆದದ್ದು ಅದೊಂದೇ.

ಕೈಬಿಟ್ಟ ಪಂದ್ಯವನ್ನು ಮತ್ತೆ ಆಡಿಸಬೇಕು ಎನ್ನುತ್ತದೆ ಏಳನೇ ನಿಯಮ. ಸ್ಪರ್ಧೆಯ ನಿಯಮಾವಳಿ ಅಥವಾ ಸಂಘಟಕರು ಬೇರೆ ತೀರ್ಮಾನ ಮಾಡಿದ್ದರೆ ಮಾತ್ರ ಬೇರೆ ಮಾತು. ನೀವು ಆಸರೆ ಹಿಡಿದಿರುವುದು ನಿಮ್ಮ ನಿಯಮಾವಳಿಯ 14(ಬಿ): "ಮೈದಾನದ ಸುಸ್ಥಿತಿ ಹೋಮ್ ತಂಡದ ಹೊಣೆ." ಅದು ತಂಡಗಳು ತಂತಮ್ಮ ಮೈದಾನದಲ್ಲಿ ಆಡುವ ಲೀಗಿಗೆ ಬರೆದ ನಿಯಮ. ಈಗ ಎಲ್ಲ ಪಂದ್ಯಗಳೂ ನೀವು ಬಾಡಿಗೆಗೆ ಹಿಡಿದ ಒಂದೇ ಮೈದಾನದಲ್ಲಿ ನಡೆಯುತ್ತವೆ. ಮೈದಾನ ಶುಲ್ಕವನ್ನು ಎರಡೂ ತಂಡಗಳಿಂದ ಎಂಟ್ರಿ ಜೊತೆಗೇ ಕಟ್ಟಿಸಿಕೊಂಡಿದ್ದೀರಿ, ಗೇಟಿನ ಕೀಲಿ ನಿಮ್ಮ ಹತ್ತಿರ ಇದೆ. ಫಿಕ್ಸ್ಚರ್‌ನಲ್ಲಿ, ಅಂದರೆ ಪಂದ್ಯಗಳ ಪಟ್ಟಿಯಲ್ಲಿ, ನಮ್ಮ ಹೆಸರು ಮೊದಲಿದೆ ಅಷ್ಟೆ; ಮೊದಲು ಹೆಸರು ಬಂದ ತಂಡ ಹೋಮ್ ತಂಡ ಎನ್ನುವುದಕ್ಕೆ ಇಲ್ಲಿ ಇರುವುದು ಒಂದೇ ಅರ್ಥ, ಜೆರ್ಸಿ ಬಣ್ಣ ಒಂದೇ ಆದರೆ ಯಾರು ಬದಲಿಸಬೇಕು ಎಂಬುದು. ಬಣ್ಣದ ಸಲುವಾಗಿ ಹಾಕಿದ ಹೆಸರಿನ ಮೇಲೆ ಬೋಲ್ಟಿನ ಹೊಣೆ ಹೊರಿಸಿದ ಜಾಣ್ಮೆಗೆ ಲೀಗ್ ಕಮಿಟಿಯನ್ನು ಅಭಿನಂದಿಸಲೇಬೇಕು.

ಇನ್ನು ಪ್ರೊಟೆಸ್ಟ್ ವಿಷಯ. 24 ಗಂಟೆಯೊಳಗೆ, ಲಿಖಿತವಾಗಿ, ಶುಲ್ಕದೊಂದಿಗೆ ಕೊಡಬೇಕು ಎಂಬುದು ನಿಮ್ಮ ನಿಯಮ. ಮರುದಿನ ಸಂಜೆ 4.40ಕ್ಕೆ ನಾನು ನಿಮ್ಮ ಕಚೇರಿಯ ಮೇಜಿನ ಮುಂದೆ ನಿಂತಿದ್ದೆ. ಕೂತಿದ್ದೆ ಎಂದು ಬರೆಯಲಾರೆ, ಖಾಲಿ ಕುರ್ಚಿಯ ಮೇಲೆ ಟ್ರೋಫಿ ಇಟ್ಟಿದ್ದರು. ನಿಮ್ಮ ಪದಾಧಿಕಾರಿ ಪತ್ರ ತೆಗೆದುಕೊಂಡು, "ಜೋರಾಗಿ ಓದ್ರೀ, ಕನ್ನಡಕ ತಂದಿಲ್ಲ" ಅಂದರು. ಬೇರೆ ಕ್ಲಬ್‌ಗಳವರು ಟ್ರಾನ್ಸ್‌ಫರ್ ಫಾರಂ ಹಿಡಿದು ಸುತ್ತ ಕೂತಿದ್ದರು. ಓದಿದೆ. ಬೋಲ್ಟಿನ ಸಾಲು ಬಂದಾಗ ತಡೆದರು: "ಬಾರ್ ಬಿದ್ರೆ ಏನಾಯ್ತು? ನಿಮ್ಮ ಸಬ್‌ಸ್ಟಿಟ್ಯೂಟ್ ಹುಡುಗ್ರು ಏಳು ಜನ ಸುಮ್ನೆ ಕೂತಿದ್ರಲ್ಲ, ಇಬ್ರು ಬಾರ್ ಹಿಡ್ಕೊಂಡು ನಿಲ್ಬೋದಿತ್ತು." ಎಲ್ಲರೂ ನಕ್ಕರು. ನಗು ಇಳಿದ ಮೇಲೆ, "ಎರಡು ಪ್ರತಿ ಬೇಕು" ಅಂದರು. ಜೆರಾಕ್ಸ್ ಮಾಡಿಸಿ ತಂದೆ. "ಶುಲ್ಕ ತಗೋತೀನಿ, ಆದ್ರೆ ರಸೀದಿ ಪುಸ್ತಕ ಬೀರುವಿನಲ್ಲಿದೆ, ಕೀಲಿ ಖಜಾಂಚಿ ಹತ್ರ." ರಸೀದಿ ಇಲ್ಲದೆ ಹಣ ಕೊಡಲಾರೆ ಎಂದೆ. ಖಜಾಂಚಿಗೆ ಫೋನ್ ಮಾಡಿದರು, ಅರ್ಧ ಮಾತು ಕಪ್ ಫೈನಲ್‌ನ ಶಾಮಿಯಾನದ ಬಗ್ಗೆ ನಡೆಯಿತು. ಫೋನ್ ಇಟ್ಟು ಗೋಡೆಯತ್ತ ನೋಡಿ, "5.20 ಆಯ್ತಲ್ರೀ, ಟೈಮ್ ಮುಗೀತು" ಅಂದರು. ನನ್ನ ಮೊಬೈಲಿನಲ್ಲಿ 5.12 ಎಂದು ತೋರಿಸಿದೆ. "ಆಫೀಸಲ್ಲಿ ಆಫೀಸ್ ಗಡಿಯಾರನೇ ಲೆಕ್ಕ." ಪತ್ರವನ್ನು ಮಡಚಿ ನನ್ನ ಶರ್ಟಿನ ಜೇಬಿಗೆ ತಾವೇ ಇಟ್ಟರು. ಇದನ್ನೆಲ್ಲ ಸಂಯಮದಿಂದ ಬರೆಯಬೇಕೆಂದೇ ಕೂತಿದ್ದೇನೆ, ಆದರೂ ಕೇಳುತ್ತೇನೆ: ಪಂದ್ಯಗಳ ಕಿಕ್‌ಆಫ್‌ಗೂ ಅದೇ ಗಡಿಯಾರವೇ? ಹಾಗಿದ್ದರೆ ಅವು ಎಂಟು ನಿಮಿಷ ಮುಂಚೆ ಶುರುವಾಗಬೇಕಿತ್ತು, ಇದುವರೆಗೆ ಒಂದೂ ಆಗಿಲ್ಲ.

ಪರಿಣಾಮ ಇಷ್ಟು. ಲೀಗಿನ ಮೊದಲ ಎಂಟು ತಂಡಗಳಿಗೆ ಕಪ್ ಪ್ರವೇಶ. ಎಂಟನೆಯ ತಂಡಕ್ಕೂ ನಮಗೂ ಪಾಯಿಂಟ್ ಸಮ, ಗೋಲು ವ್ಯತ್ಯಾಸದಲ್ಲಿ ನಾವು ಎರಡು ಹಿಂದೆ. ಮೈದಾನದಲ್ಲಲ್ಲ, ನಿಮ್ಮ ಕಮಿಟಿಯ ಮೇಜಿನ ಮೇಲೆ ನಮಗೆ ಬಿದ್ದದ್ದು ಮೂರು ಗೋಲು. ಆ ಪಂದ್ಯದಲ್ಲಿ ನಮ್ಮವರು ಹೊಡೆದ ಎರಡು ಗೋಲು ದಾಖಲೆಯಲ್ಲಿಲ್ಲ, ಆದರೆ ಅದೇ ಪಂದ್ಯದ ಎರಡು ಹಳದಿ ಕಾರ್ಡ್ ಭದ್ರವಾಗಿವೆ. ಪಂದ್ಯ ನಡೆದಿದೆಯೋ ಇಲ್ಲವೋ, ಒಂದು ತೀರ್ಮಾನಕ್ಕೆ ಬನ್ನಿ.

0–3 ಆದೇಶ ರದ್ದಾಗಬೇಕು, ಗೋಲುಕಂಬ ಸರಿಪಡಿಸಿದ ಮೈದಾನದಲ್ಲಿ ಪಂದ್ಯ ಮತ್ತೆ ನಡೆಯಬೇಕು, ಅಲ್ಲಿಯವರೆಗೆ ಕಪ್‌ನ ಮೊದಲ ಸುತ್ತು ನಿಲ್ಲಬೇಕು. ಏಳು ದಿನದೊಳಗೆ ಲಿಖಿತ ಉತ್ತರ ಕೊಡಿ. ಎರಡು ಪ್ರತಿ ಇಟ್ಟಿದ್ದೇವೆ, ಒಂದಕ್ಕೆ ಸೀಲು ಹಾಕಿ ವಾಪಸ್ ಕಳಿಸಿ.

ಉತ್ತರ ಬರುತ್ತದೆ ಎಂಬ ಭರವಸೆ ನಮಗಿಲ್ಲ. ಆದ್ದರಿಂದ ಮುಂದಿನದನ್ನೂ ಹೇಳಿಬಿಡುತ್ತೇವೆ. ರೆಫರಿ ವರದಿ, ಕಮಿಷನರ್ ಸಹಿ, ಬೈಂಡಿಂಗ್ ವೈರಿನ ಫೋಟೊ ಮೂರನ್ನೂ ರಾಜ್ಯ ಸಂಸ್ಥೆಯ ಮೇಲ್ಮನವಿ ಸಮಿತಿಗೆ ಕಳಿಸುತ್ತೇವೆ. ವಿಶೇಷ ಸರ್ವಸದಸ್ಯರ ಸಭೆಗೆ ಬೇಕಾದಷ್ಟು ಕ್ಲಬ್‌ಗಳ ಸಹಿ ಸಂಗ್ರಹಿಸುತ್ತಿದ್ದೇವೆ, ಅಂದು ನಿಮ್ಮ ಕಚೇರಿಯಲ್ಲಿ ನಕ್ಕವರಲ್ಲಿ ಇಬ್ಬರು ಆಗಲೇ ಸಹಿ ಹಾಕಿದ್ದಾರೆ. ಸಭೆಯಲ್ಲಿ ನಾವು ಮೊದಲು ಕೇಳುವುದು ಪಾಯಿಂಟ್ ಅಲ್ಲ. ಮೈದಾನ ನಿರ್ವಹಣೆ ಎಂದು ಪ್ರತಿ ಕ್ಲಬ್‌ನಿಂದ ವಸೂಲಾದ ಹಣದ ವೋಚರ್‌ಗಳನ್ನು ಕೇಳುತ್ತೇವೆ. ಬೋಲ್ಟ್ ಖರೀದಿಸಿದ ಬಿಲ್ ಇದ್ದರೆ ಈಗಲೇ ಹುಡುಕಿಟ್ಟುಕೊಳ್ಳಿ. ಬೀರುವಿನ ಕೀಲಿ ಖಜಾಂಚಿ ಹತ್ತಿರ ಇದೆ.

ಇತಿ,
ಕಾರ್ಯದರ್ಶಿ
(ಕ್ಲಬ್‌ನ ಸೀಲು ಮತ್ತು ಸಹಿ)