ಟಿನೋಸ್ ಬಗ್ಗೆನೂ ಒಂದ್ಸಲ ಬರೀರಿ

ಸಂಪಾದಕರಿಗೆ ನಮಸ್ಕಾರ್ರಿ,

ನಿಮ್ಮ ಪುರವಣಿಯೊಳಗ ಗ್ರೀಸ್ ಅಂದ್ರ ಯಾವಾಗ್ಲೂ ಸ್ಯಾಂಟೊರಿನಿ, ಮಿಕೊನೋಸ್ ಫೋಟೊನ ಬರ್ತಾವ. ಸೀಜನ್ನಿನ್ಯಾಗ ಅಲ್ಲಿ ಕ್ರೂಸ್ ಹಡಗ ಬಂದು ನಿಂತ್ರ ಓಣಿಯೊಳಗ ಕಾಲಿಡಾಕ ಜಾಗ ಇರಂಗಿಲ್ಲ, 2025ರಿಂದ ಹಂಗ ಬಂದವರಿಗೆ ತಲಿಗೆ 20 ಯೂರೊ ಫೀ ಬ್ಯಾರೆ ಹಾಕ್ಯಾರ. ಅದ ಮಿಕೊನೋಸ್‌ದಿಂದ ಫೆರ್ರಿ ಹತ್ತಿದ್ರ ಅರ್ಧ ತಾಸಿನ್ಯಾಗ ಟಿನೋಸ್ ದ್ವೀಪ ಬರ್ತೈತಿ, ಅದರ ಬಗ್ಗೆ ಯಾರೂ ಬರಿಯಂಗಿಲ್ಲ ಅನ್ನೂದ ನನಗ ಬ್ಯಾಸರ.

ನಾನು ನಮ್ಮನಿಯವರು ಹೋಗಿ ಬಂದೇವಿ. ಅಲ್ಲಿ ವಿಮಾನ ಇಳಿಯಂಗಿಲ್ಲ, ಅಥೆನ್ಸ್ ಬಾಜುಕ ರಫೀನಾ ಬಂದರದಿಂದ ಹಡಗಿನ್ಯಾಗ ಹೋಗಬೇಕು. ಪಿರ್ಗೋಸ್ ಅಂತ ಒಂದು ಹಳ್ಳಿ ಐತ್ರಿ, ಮನಿಮನಿ ಬಾಗಲದ ಮ್ಯಾಲ ಅಮೃತಶಿಲೆ ಜಾಲಂದ್ರ, ಅದರಾಗ ಹಡಗ, ಹಕ್ಕಿ, ಹೂ ಕೆತ್ಯಾರ, ಐಹೊಳಿ ಪಟ್ಟದಕಲ್ಲು ನೋಡ್ಕೋತ ಬೆಳೆದ ನಮಗ ಆ ಓಣಿ ಬಿಟ್ಟು ಬರಾಕ ಮನಸ ಆಗ್ಲಿಲ್ಲ. ಈ ಕೆತ್ತನಿ ಕೆಲಸಾನ 2015ರಾಗ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸ್ಯಾದ, ಅದನ್ನ ಕಲಸೂ ಸಾಲಿನೂ ಆ ಹಳ್ಳ್ಯಾಗ ಐತಿ, ಹುಡುಗೂರು ಉಳಿ ಹಿಡದು ಕಲೀತಾರ. ನಮ್ಮ ಬಾದಾಮಿ ಸೀಮಿ ಮಂದಿ ಇದನ್ನ ಓದಬೇಕ್ರಿ, ಖರೇನ.

ಬಂದರದ ಮ್ಯಾಲಿನ ಏರಿನ್ಯಾಗ ಮೇರಿ ಮಾತೆ ಚರ್ಚ್ ಐತಿ, 1823ರಾಗ ಭೂಮಿಯೊಳಗ ಸಿಕ್ಕ ಚಿತ್ರಪಟ ಅಲ್ಲಿಟ್ಟಾರ. ಹರಕಿ ಹೊತ್ತವರು ಬಂದರದಿಂದ ಅಲ್ಲಿತನಕ ಮೊಣಕಾಲ ಮ್ಯಾಲನ ಹೋಗ್ತಾರ, ರಸ್ತೆ ಕಡೀಕ ಅವರಿಗಂತ ಜಮಖಾನಿ ಹಾಸಿರ್ತಾರ. ಸವದತ್ತಿ ಗುಡ್ಡದಾಗ ದೀಡ ನಮಸ್ಕಾರ ನೋಡಿದ ನಮ್ಮಾಕಿ ಅಲ್ಲೇ ಕೈ ಮುಗದು ನಿಂತಬಿಟ್ಲು, ಕಣ್ಣಾಗ ನೀರು.

ಸಸ್ಯಾಹಾರಿಗಳಿಗೆ ಊಟದ ಚಿಂತಿ ಬ್ಯಾಡ. ಆಗಸ್ಟ್ 1ರಿಂದ 14ರತನಕ ಅವರ ಉಪವಾಸ, ನಮ್ಮ ಶ್ರಾವಣ ಇದ್ದಂಗ, ಮಾಂಸ ಹಾಲು ಎರಡೂ ಮುಟ್ಟಂಗಿಲ್ಲ. ಹಿಂಗಾಗಿ ಆಲಿವ್ ಎಣ್ಣ್ಯಾಗ ಬೇಯಿಸಿದ ಬೀನ್ಸು, ಅನ್ನ ತುಂಬಿದ ಟೊಮ್ಯಾಟೊ ಇಂಥಾವು ಅವರಿಗೆ ಮನಿ ಅಡಗಿನ, ಹೋಟೆಲಿನ್ಯಾಗೂ ಸಿಗ್ತಾವ.

ಆದ್ರ ಆಗಸ್ಟ್ 15ರ ಮೇರಿ ಮಾತೆ ಜಾತ್ರಿ ಹತ್ರ ಹೋಗಬ್ಯಾಡ್ರಿ, ರೂಮ್ ಸಿಗಂಗಿಲ್ಲ, ಮತ್ತ ಮೆಲ್ತೆಮಿ ಅನ್ನೂ ಬಡಗಣ ಗಾಳಿ ಜೋರಾದ್ರ ಫೆರ್ರಿನೂ ನಿಲ್ಲಸ್ತಾರ. ಮೇ ಇಲ್ಲಾ ಸಪ್ಟೆಂಬರ್ ಚಲೋ. ಮುಂದಿನ ಸಲ ಗ್ರೀಸ್ ಬಗ್ಗೆ ಬರಿಯೂವಾಗ ಅರ್ಧ ಪುಟಾನರ ಇಂಥ ಊರಿಗೆ ಕೊಡ್ರಿ, ಪಿರ್ಗೋಸ್‌ದ ಆ ಜಾಲಂದ್ರದ ಫೋಟೊ ಮಾತ್ರ ತಪ್ಪಸಬ್ಯಾಡ್ರಿ.

ನಿಮ್ಮ ಓದುಗ,
ಬಾಗಲಕೋಟೆ